ಗ್ಯಾರೇಜ್ ಕಟ್ಟೆ: ಜೋಕರ್ ದಾರಿಯ ಲೆಕ್ಕ

ಹೋದ ಸಂಚಿಕೆಯಲ್ಲಿ ಕ್ಲಚ್ ಪ್ಲೇಟ್ ಬಗ್ಗೆ ಬರೆಯುತ್ತಾ, ರ್ಯಾಲಿಕ್ರಾಸ್ ಅನ್ನೋ ಕಾರ್ ರೇಸಿನಲ್ಲಿ ಎಲ್ಲರೂ ಒಂದು ಸಲ ಬೇಕಂತಲೇ ದೂರದ ದಾರಿ ಹಿಡಿಯಬೇಕು, ಅದಕ್ಕೆ ಜೋಕರ್ ಲ್ಯಾಪ್ ಅಂತಾರೆ ಅಂತ ಸುಮ್ನೆ ಒಂದು ಮಾತು ಹಾಕಿದ್ದೆ. ಒಂದೇ ಸಾಲು. ಈ ಸಲ ಬಂದ ಕಾಗದಗಳಲ್ಲಿ ಅರ್ಧ ಅದರ ಬಗ್ಗೆಯೇ. ಬ್ಯಾಟರಿ ಡೌನ್, ಕರಿ ಹೊಗೆ ಅಂತ ಬರೆದವರು ಬೇಜಾರಾಗಬೇಡಿ. ಮುಂದಿನ ತಿಂಗಳು ನಿಮ್ಮ ಸರದಿ.

ಪ್ರಶ್ನೆ: ರೇಸ್ ಅಂದ್ರೆ ಹತ್ತಿರದ ದಾರಿ ಹಿಡಿದು ಬೇಗ ಮುಟ್ಟೋದು. ಬೇಕಂತಲೇ ದೂರದ ದಾರಿಯಲ್ಲಿ ಹೋಗಬೇಕು ಅಂತ ನಿಯಮ ಇದೆ ಅಂತೀರಿ. ಇದು ಯಾವ ನ್ಯಾಯ ಕಾಕಾ? (ಕೊಪ್ಪಳದ ಓದುಗರು)

ತಮ್ಮಾ, ಮೊದಲು ಆಟ ಏನು ಅಂತ ತಿಳ್ಕೋ. ರ್ಯಾಲಿ ಅಂದ್ರೆ ಕಾಡು ಗುಡ್ಡದ ದಾರಿಯಲ್ಲಿ ಒಂದೊಂದೇ ಕಾರು ಬಿಟ್ಟು ಗಡಿಯಾರ ಹಿಡಿಯೋದು. ರ್ಯಾಲಿಕ್ರಾಸ್‌ನಲ್ಲಿ ಐದಾರು ಕಾರುಗಳನ್ನು ಒಟ್ಟಿಗೆ ಬಿಡುತ್ತಾರೆ. ದಾರಿ ಸುಮಾರು ಒಂದು ಕಿಲೋಮೀಟರಿನ ಸುತ್ತು, ಸ್ವಲ್ಪ ಡಾಂಬರು, ಸ್ವಲ್ಪ ಮಣ್ಣು. 1967ರ ಫೆಬ್ರವರಿ 4ರಂದು ಇಂಗ್ಲೆಂಡಿನ ಕೆಂಟ್ ಸೀಮೆಯ ಲಿಡನ್ ಹಿಲ್‌ನಲ್ಲಿ ಇದು ಶುರುವಾಯಿತು. ಟಿವಿಯಲ್ಲಿ ತೋರಿಸೋಕೆ ಅಂತಲೇ ಮಾಡಿದ ರೇಸ್ ಅದು. ಗೆದ್ದವನು ಪೋರ್ಷೆ 911 ಓಡಿಸಿದ ವಿಕ್ ಎಲ್ಫರ್ಡ್. ನಡುವೆ ಒಂದು ತಮಾಷೆ: ಅದೇ ವರ್ಷ ನವೆಂಬರಿನಲ್ಲಿ ಆ ದೇಶದ ದೊಡ್ಡ ಆರ್‌ಎಸಿ ರ್ಯಾಲಿಯೇ ನಡೆಯಲಿಲ್ಲ. ಕಾರಣ ಏನು ಗೊತ್ತಾ? ದನಗಳಿಗೆ ಕಾಲುಬಾಯಿ ಜ್ವರ! ನಮ್ಮ ಕಡೆ ದನದ ಸಂತೆ ನಿಲ್ಲಿಸಿದ ಹಾಗೆ ಅಲ್ಲಿ ಕಾರಿನ ರೇಸ್ ನಿಲ್ಲಿಸಿದರು.

ಈಗ ನಿನ್ನ ನ್ಯಾಯದ ಮಾತು. ಸುತ್ತು ಚಿಕ್ಕದು, ತಿರುವು ಜಾಸ್ತಿ. ಹೀಟ್‌ನಲ್ಲಿ, ಅಂದ್ರೆ ಮೊದಲ ಹಂತದ ರೇಸಿನಲ್ಲಿ, ಇರೋದೇ ನಾಲ್ಕು ಸುತ್ತು, ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಆರು. ಮೊದಲ ತಿರುವಿನಲ್ಲಿ ಯಾರು ಮುಂದೆ ನುಗ್ಗಿದರೋ ಅವರು ದಾರಿಗೆ ಅಡ್ಡ ಕೂತರೆ ಮುಗೀತು. ಹಿಂದಿನವನ ಕಾರು ಎಷ್ಟೇ ಚುರುಕಾಗಿರಲಿ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕ ಬಸ್ಸಿನ ಹಾಗೆ ತೆವಳಬೇಕು. ಅದಕ್ಕೇ ಟ್ರ್ಯಾಕಿನಲ್ಲಿ ಒಂದು ಕಡೆ ಕವಲು ಒಡೆದು ಇನ್ನೊಂದು ದಾರಿ ಮಾಡಿದರು, ಅದೇ ಜೋಕರ್ ದಾರಿ. ಅದರಲ್ಲಿ ಹೋದರೆ ಸುತ್ತಿಗೆ ಕನಿಷ್ಠ ಎರಡು ಸೆಕೆಂಡ್ ಜಾಸ್ತಿ ಹಿಡಿಯಬೇಕು. ಪ್ರತಿ ರೇಸಿನಲ್ಲಿ ಪ್ರತಿಯೊಬ್ಬ ಡ್ರೈವರ್ ಒಂದು ಸಲ ಅದರಲ್ಲಿ ಹೋಗಲೇಬೇಕು. ಹೀಟ್‌ನಲ್ಲಿ ತಪ್ಪಿಸಿದರೆ 30 ಸೆಕೆಂಡ್ ದಂಡ. ಎರಡು ಸೆಕೆಂಡ್ ಉಳಿಸೋಕೆ ಹೋಗಿ ಮೂವತ್ತು ಕಳ್ಕೊಂಡ ಹಾಗೆ.

ಇದು ಶಿಕ್ಷೆ ಅಲ್ಲ, ಕಂದಾಯ. ಎಲ್ಲರೂ ಒಂದೇ ಮೊತ್ತ ಕಟ್ಟಬೇಕು. ಯಾವಾಗ ಕಟ್ತೀಯ ಅನ್ನೋದು ಮಾತ್ರ ನಿನ್ನ ಕೈಯಲ್ಲಿ.

ಪ್ರಶ್ನೆ: ಎಲ್ಲರಿಗೂ ಒಂದೇ ನಷ್ಟ ಅಂದಮೇಲೆ ಯಾವಾಗ ಹೋದರೇನು? ಕೂಡಿಸಿದರೆ ಒಟ್ಟು ಅಷ್ಟೇ ಬರಬೇಕಲ್ವಾ? (ಗಂಗಾವತಿಯ ಬಿ.ಎಸ್ಸಿ. ವಿದ್ಯಾರ್ಥಿನಿ)

ತಂಗೀ, ಟ್ರ್ಯಾಕಿನಲ್ಲಿ ಒಬ್ಬಳೇ ಓಡಿಸಿದರೆ ನಿನ್ನ ಮಾತು ನೂರಕ್ಕೆ ನೂರು ಸರಿ. ಆದರೆ ಮುಂದೆ ಒಬ್ಬ ಇದ್ದಾನಲ್ಲ, ಅವನೇ ಲೆಕ್ಕ ಕೆಡಿಸೋದು. ನೋಟ್‌ಬುಕ್ ತೆಗಿ.

ನಾಲ್ಕು ಸುತ್ತಿನ ರೇಸ್. ಮುಂದಿರೋ ಕೆಂಪು ಕಾರು ಸುತ್ತಿಗೆ 39 ಸೆಕೆಂಡ್ ತಗೊಳ್ಳುತ್ತೆ. ಅರ್ಧ ಸೆಕೆಂಡ್ ಹಿಂದೆ ಬಿಳಿ ಕಾರು. ದಾರಿ ಖಾಲಿ ಇದ್ದರೆ ಅದು 38ಕ್ಕೇ ಸುತ್ತುತ್ತೆ. ಆದರೆ ಕೆಂಪಿನ ಹಿಂದೆ ಸಿಕ್ಕಿಕೊಂಡು ಅದೂ 39. ಜೋಕರ್ ದಾರಿಗೆ ಮೂರು ಸೆಕೆಂಡ್ ಜಾಸ್ತಿ ಅಂತ ಇಟ್ಕೋ.

ಬಿಳಿ ಕಾರಿನವನು ಮೊದಲ ಸುತ್ತಿನಲ್ಲೇ ಜೋಕರ್‌ಗೆ ತಿರುಗಿಸಿದ. ಆ ಸುತ್ತು 41. ಈಗ ಎರಡೂವರೆ ಸೆಕೆಂಡ್ ಹಿಂದೆ ಬಿದ್ದ. ನೋಡುವವರು ‘ಹೋಯ್ತು’ ಅಂತಾರೆ. ಆದರೆ ಅವನ ಮುಂದೆ ಈಗ ಖಾಲಿ ದಾರಿ. ಎರಡನೇ ಸುತ್ತು ಮುಗಿದಾಗ ಅಂತರ ಒಂದೂವರೆ, ಮೂರನೆಯದಕ್ಕೆ ಅರ್ಧ. ಒಂದು ಸಲವೂ ಯಾರೂ ಅಡ್ಡ ಬರಲಿಲ್ಲ. ಕೊನೆಯ ಸುತ್ತಿನಲ್ಲಿ ಕೆಂಪು ಕಾರಿನವನು ಜೋಕರ್‌ಗೆ ಹೋಗಲೇಬೇಕು, 42 ಸೆಕೆಂಡ್. ಬಿಳಿಯವನು 38ರಲ್ಲಿ ನೇರ ದಾಟಿದ. ಕೂಡಿಸಿ ನೋಡು: ಕೆಂಪು 159, ಬಿಳಿ ಅರ್ಧ ಸೆಕೆಂಡ್ ಸೇರಿ 155.5. ಮೂರೂವರೆ ಸೆಕೆಂಡ್ ಮುಂದೆ!

ಕೆಂಪು ಕಾರಿನವನು ಸುಮ್ನೆ ಕೂತಿರಬೇಕಾ ಅಂತ ಕೇಳಬಹುದು. ಅವನ ಕಷ್ಟ ಬೇರೆ ಥರ. ಕವಲು ಮೊದಲು ಸಿಗೋದು ಅವನಿಗೆ, ಆದ್ದರಿಂದ ತೀರ್ಮಾನವೂ ಅವನದೇ ಮೊದಲು. ಅವನು ಒಳಗೆ ಹೋದರೆ ಹಿಂದಿನವನು ನೇರ ಹೋಗ್ತಾನೆ. ಅವನು ನೇರ ಹೋದರೆ ಹಿಂದಿನವನು ಒಳಗೆ ಹೋಗ್ತಾನೆ. ಇಸ್ಪೀಟಿನಲ್ಲಿ ನೀನು ಎಲೆ ಹಾಕಿದ ಮೇಲೆ ಎದುರಿನವನು ಹಾಕಿದ ಹಾಗೆ. ಮುಂದೆ ಇರೋದೇ ತೊಂದರೆ ಆಗೋ ಆಟ ಬೇರೆ ಎಲ್ಲಿದೆ ಹೇಳು? ದೊಡ್ಡ ರೇಸುಗಳಲ್ಲಿ ಎತ್ತರದ ಜಾಗದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನು ರೇಡಿಯೋದಲ್ಲಿ ‘ಈಗ ಹೋಗು’ ಅಂತ ಹೇಳೋ ವ್ಯವಸ್ಥೆಯೇ ಇದೆ.

ಅಮೆರಿಕದ ಗ್ಲೋಬಲ್ ರ್ಯಾಲಿಕ್ರಾಸ್‌ನಲ್ಲಿ ಜೋಕರ್ ದಾರಿ ಸಾಮಾನ್ಯವಾಗಿ ದೂರದ್ದಲ್ಲ, ಹತ್ತಿರದ್ದು ಇರುತ್ತಿತ್ತು. ಆಗ ಅದು ಕಂದಾಯ ಹೋಗಿ ಕೂಪನ್ ಆಯಿತು. ನನಗೆ ಅದು ಅಷ್ಟು ರುಚಿಸಲಿಲ್ಲ. 2017ರಲ್ಲಿ ಪೋರ್ಚುಗಲ್ಲಿನ ವಿಲಾ ರಿಯಾಲ್ ಊರಿನ ಬೀದಿಗಳಲ್ಲಿ ನಡೆದ ಟೂರಿಂಗ್ ಕಾರ್ (ರಸ್ತೆ ಕಾರನ್ನೇ ರೇಸಿಗೆ ತಿದ್ದಿದ್ದು) ರೇಸಿಗೂ ಜೋಕರ್ ತಂದರು. ಅಲ್ಲೂ ಅದೇ ರೋಗ. ಬೀದಿ ಕಿರಿದು, ಮುಂದೆ ಹೋಗೋಕೆ ಜಾಗ ಇಲ್ಲ.

ಪ್ರಶ್ನೆ: ನನ್ನ ಹಳೇ ಆಲ್ಟೋ ಇದೆ. ರ್ಯಾಲಿಕ್ರಾಸ್‌ಗೆ ಆಗುತ್ತಾ? (ಸಿಂಧನೂರು)

ಊರ ಹೊಲದ ರೇಸಿಗೆ ಆಗುತ್ತೆ. ಒಳಗೆ ರೋಲ್ ಕೇಜ್, ಅಂದ್ರೆ ಕಾರು ಮಗುಚಿದರೆ ಕಾಯೋ ಪೈಪಿನ ಪಂಜರ, ಹಾಕಿಸು, ಸೀಟ್ ಬೆಲ್ಟ್ ಬದಲಿಸು, ಗಾಜು ತೆಗೆಸು. ವಿಶ್ವಮಟ್ಟದ ರೇಸಿನ ಕನಸಿದ್ದರೆ ಕೇಳು: ಅಲ್ಲಿನ ಪೆಟ್ರೋಲ್ ಸೂಪರ್‌ಕಾರುಗಳು ಎರಡು ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಸುಮಾರು 600 ಕುದುರೆ ಶಕ್ತಿ ತೆಗೀತಿದ್ದವು. ನಾಲ್ಕೂ ಚಕ್ರಕ್ಕೆ ಎಳೆತ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಎರಡು ಸೆಕೆಂಡಿನ ಆಸುಪಾಸು. ನಿನ್ನ ಆಲ್ಟೋ ಅಷ್ಟರಲ್ಲಿ ಎರಡನೇ ಗೇರಿಗೂ ಬಂದಿರಲ್ಲ.

ಪ್ರಶ್ನೆ: ನಾವು ಗೆಳೆಯರು ಸೇರಿ ಜಾತ್ರೆ ಹೊತ್ತಿಗೆ ಮಣ್ಣಿನ ರೇಸ್ ಇಡಬೇಕು ಅಂದ್ಕೊಂಡಿದ್ದೀವಿ. ಆರು ಎಕರೆ ಎರೆ ಹೊಲ ಇದೆ, ಹತ್ತಿ ಕಿತ್ತಾಗಿದೆ. ಟ್ರ್ಯಾಕ್ ಹೇಗೆ ಹಾಕಬೇಕು? ಜೋಕರ್ ದಾರಿ ಎಲ್ಲಿಡಬೇಕು? (ಲಿಂಗಸುಗೂರು ತಾಲ್ಲೂಕು)

ಈ ಕಾಗದ ಓದಿ ನನಗೆ ನಗುನೂ ಬಂತು, ಹೊಟ್ಟೆಯಲ್ಲಿ ಸಣ್ಣ ಕಳವಳವೂ ಆಯಿತು. ಯಾಕಂದ್ರೆ ಸಿರುಗುಪ್ಪ ಕಡೆಯ ಒಂದು ಊರಿನಲ್ಲಿ ಹಿಂದೆ ಇದೇ ಕೆಲಸ ನಾನೇ ಮಾಡಿ ಕೆಡಿಸಿದ್ದೀನಿ. ನನ್ನ ತಪ್ಪುಗಳನ್ನೇ ಹೇಳ್ತೀನಿ, ನೀವು ಅವನ್ನು ಬಿಟ್ಟು ಹೊಸಾ ತಪ್ಪು ಮಾಡಿ.

ಮೊದಲು ಅಳತೆ. ಆರು ಎಕರೆ ಅಂದ್ರೆ ಹೆಚ್ಚುಕಡಿಮೆ ಒಂದು ಕಡೆಗೆ 155 ಮೀಟರ್ ಚೌಕ. ಅದರಲ್ಲಿ ಒಂದು ಕಿಲೋಮೀಟರ್ ದಾರಿ ತುರುಕಬೇಡಿ. ಪಕ್ಕಪಕ್ಕದ ದಾರಿಗಳು ಅಂಟಿಕೊಂಡು, ಒಂದರಲ್ಲಿ ಜಾರಿದ ಕಾರು ಇನ್ನೊಂದಕ್ಕೆ ಬಂದು ಬೀಳುತ್ತೆ. 500, ಹೆಚ್ಚೆಂದರೆ 600 ಮೀಟರ್ ಸಾಕು. ಅಗಲ ಹತ್ತು ಮೀಟರಿಗೆ ಕಮ್ಮಿ ಬೇಡ. ಒಂದು ಸಲಕ್ಕೆ ಮೂರೇ ಕಾರು ಬಿಡಿ. ಸ್ಟಾರ್ಟ್ ಆದ ಮೇಲಿನ ಮೊದಲ ತಿರುವು ಇಡೀ ಟ್ರ್ಯಾಕಿನಲ್ಲಿ ಎಲ್ಲಕ್ಕಿಂತ ಅಗಲ ಇರಲಿ. ಎಲ್ಲರೂ ಒಟ್ಟಿಗೆ ನುಗ್ಗೋದು ಅಲ್ಲೇ.

ಇನ್ನು ಮಣ್ಣು. ಎರೆ ಮಣ್ಣು ಬೆಳೆಗೆ ತಾಯಿ, ಟೈರಿಗೆ ಮಲತಾಯಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ನೀರು ಬಿದ್ದರೆ ಉಬ್ಬುತ್ತೆ, ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ತುಂಬ ಕೂರುತ್ತೆ. ಆ ವರ್ಷ ನಾವು ಧೂಳು ಜಾಸ್ತಿ ಅಂತ ರೇಸಿನ ಮಧ್ಯೆಯೇ ಟ್ಯಾಂಕರ್ ನೀರು ಹೊಡೆಸಿದೆವು. ಮುಂದಿನ ಹೀಟ್‌ನಲ್ಲಿ ಒಂದು ಜೀಪು ಚಕ್ರ ತಿರುಗುತ್ತಾ ನಿಂತಲ್ಲೇ ನಿಂತಿತ್ತು, ಮದುವೆ ಹೆಣ್ಣಿನ ಹಾಗೆ ಅರ್ಧ ಮಣ್ಣಲ್ಲಿ ಮುಚ್ಚಿಕೊಂಡು. ಆದ್ದರಿಂದ ದಾರಿಯ ಮೇಲೆ ಗರಸು ಹಾಕಿಸಿ ರೋಲರ್ ಓಡಿಸಿ. ಹಿಂದಿನ ರಾತ್ರಿ ನೀರು ಕುಡಿಸಿ, ಬೆಳಿಗ್ಗೆ ಮೇಲುಮೇಲೆ ಚಿಮುಕಿಸಿ. ಗರಸಿಗೆ ದುಡ್ಡಿಲ್ಲ ಅಂದ್ರೆ ತಿರುವುಗಳಿಗಾದರೂ ಹಾಕಿಸಿ. ಡಾಂಬರು ಇಲ್ಲದ ಮೇಲೆ ಇದನ್ನು ನಿಜವಾಗಿ ಆಟೋಕ್ರಾಸ್ ಅನ್ನಬೇಕು, ಆದರೆ ಬ್ಯಾನರಿನಲ್ಲಿ ಏನು ಬೇಕಾದ್ರೂ ಬರ್ಕೊಳ್ಳಿ.

ಈಗ ಜೋಕರ್. ನನ್ನ ಮೊದಲ ತಪ್ಪು ಬೇವಿನ ಮರ. ಹೊಲದ ಮೂಲೆಯಲ್ಲಿ ಒಂದು ದೊಡ್ಡ ಬೇವಿನ ಮರ ಇತ್ತು. ಯಾರು ಎಷ್ಟು ಸಲ ಜೋಕರ್‌ಗೆ ಹೋದರು ಅಂತ ಎಣಿಸುವವರಿಗೆ ನೆರಳಾಗುತ್ತೆ ಅಂತ ದಾರಿಯನ್ನು ಅದರ ಸುತ್ತಲೂ ತಂದೆ. ಓಡಿಸಿ ನೋಡಿದರೆ ಒಂಬತ್ತು ಸೆಕೆಂಡ್ ಜಾಸ್ತಿ! ಒಳಗೆ ಹೋದವನು ಹೊರಗೆ ಬರೋ ಹೊತ್ತಿಗೆ ಉಳಿದವರು ಕಣ್ಣಿಗೇ ಕಾಣುತ್ತಿರಲಿಲ್ಲ. ಯಾರಿಗೂ ಯಾರೂ ಎದುರಾಗಲಿಲ್ಲ, ಜನ ಎದ್ದು ಮಂಡಕ್ಕಿ ಮಿರ್ಚಿ ಅಂಗಡಿ ಕಡೆ ನಡೆದರು. ಎರಡೂವರೆ, ಮೂರು ಸೆಕೆಂಡ್ ಸಾಕು. ಅದಕ್ಕೆ ಉದ್ದ ಬೇಕಾಗಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ಮೂವತ್ತು ಮೀಟರ್ ಹೆಚ್ಚಾದರೆ ಲೆಕ್ಕ ಸರಿಹೋಯ್ತು. ಒಂದು ಬಿಗಿ ತಿರುವು ಇಟ್ಟರೆ ಅಷ್ಟೂ ಬೇಡ. ಹಾಕಿದ ಮೇಲೆ ಒಂದೇ ಕಾರನ್ನು ಎರಡೂ ದಾರಿಯಲ್ಲಿ ಐದೈದು ಸಲ ಓಡಿಸಿ, ಗಡಿಯಾರ ಹಿಡಿದು ನೋಡಿ. ಆಮೇಲೆ ಟೈರ್ ಸರಿಸಿ ಹೆಚ್ಚುಕಮ್ಮಿ ಮಾಡ್ಕೊಳ್ಳಿ.

ಎರಡನೇ ತಪ್ಪು ದೊಡ್ಡದು. ಜೋಕರ್ ದಾರಿ ಮತ್ತೆ ಬಂದು ಸೇರೋ ಜಾಗವನ್ನು ತಿರುವಿನ ಬಾಯಿಗೇ ಇಟ್ಟಿದ್ದೆ. ದೊಡ್ಡ ದಾರಿಯಲ್ಲಿ ಬರುವವನು ತಿರುವಿಗೆ ಜಾರಿಕೊಂಡೇ ಬರ್ತಾನೆ, ಅವನ ಕಣ್ಣು ಮುಂದೆ. ಜೋಕರ್‌ನಿಂದ ಬರುವವನು ಆಕ್ಸಲರೇಟರ್ ಒತ್ತಿಯೇ ಇರ್ತಾನೆ. ನಡುವೆ ಧೂಳಿನ ಗೋಡೆ. ಸಂಡೂರಿನ ಅದಿರು ಲಾರಿ ಹನ್ನೊಂದು ವರ್ಷ ಓಡಿಸಿದವನು ನಾನು. ಮುಂದಿನ ಲಾರಿಯ ಧೂಳಿನಲ್ಲಿ ಬ್ರೇಕ್ ಲೈಟೂ ಕಾಣಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಆ ದಿನ ತಲೆಗೆ ಹೊಳೀಲಿಲ್ಲ. ಒಂದು ಮಾರುತಿಯ ಎಡಗಡೆ ಬಾಗಿಲು ರೊಟ್ಟಿ ಬಡಿದ ಹಾಗೆ ಒಳಗೆ ಹೋಯ್ತು. ಹುಡುಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ನನಗೆ ಮಾತ್ರ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಸೇರೋ ಜಾಗ ನೇರ ದಾರಿಯಲ್ಲೇ ಇರಲಿ. ಎರಡೂ ದಾರಿ ಮೊದಲು ಒಂದಿಪ್ಪತ್ತು ಮೀಟರ್ ಅಕ್ಕಪಕ್ಕ ಓಡಲಿ, ನಡುವೆ ಟೈರಿನ ಸಾಲು ಕಟ್ಟಿ. ಟೈರುಗಳನ್ನು ಬೋಲ್ಟ್ ಹಾಕಿ ಒಂದಕ್ಕೊಂದು ಬಿಗೀರಿ, ಬಿಡಿ ಟೈರು ಉರುಳಿ ಬರುತ್ತೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಬೇಕು, ವೇಗ ಸಮ ಆಗಬೇಕು, ಆಮೇಲೆ ಸೇರಬೇಕು. ಗಾಳಿ ಯಾವ ಕಡೆ ಬೀಸುತ್ತೆ ಅಂತ ನೋಡಿ, ಧೂಳು ಜೋಕರ್ ಕಡೆಗೆ ಹೋಗದ ಹಾಗೆ ಹಾಕಿ. ಒಳಗೆ ಹೋಗೋ ಕವಲು ಎಲ್ಲರೂ ಹೇಗೂ ಬ್ರೇಕ್ ಒತ್ತೋ ಕಡೆ ಇರಲಿ. ಆದರೆ ಮೊದಲ ತಿರುವಿನಲ್ಲಿ ಬೇಡ.

ಬದುವಿನ ಮೇಲೆ ಜನ ಕೂರೋಕೆ ಬಿಡಬೇಡಿ. ಆಂಬುಲೆನ್ಸ್, ಬೆಂಕಿ ಆರಿಸೋ ಸಿಲಿಂಡರ್, ಪೊಲೀಸ್ ಅನುಮತಿ ಇಲ್ಲದೆ ಒಂದು ಕಾರೂ ಸ್ಟಾರ್ಟ್ ಆಗಬಾರದು. ದೇಶದಲ್ಲಿ ಮೋಟಾರ್ ರೇಸ್ ನೋಡ್ಕೊಳ್ಳೋದು ಎಫ್‌ಎಂಎಸ್‌ಸಿಐ. ಅವರ ಸುರಕ್ಷತಾ ನಿಯಮ ತರಿಸಿ ಓದಿ.

ಪ್ರಶ್ನೆ: ಅಣ್ಣಾವ್ರೇ, ನಮ್ಮೂರ ರೇಸಿನಲ್ಲಿ ನಮ್ಮ ಮೈದುನ ಜೋಕರ್ ದಾರಿಯಲ್ಲಿ ಎರಡು ಸಲ ಹೋಗಿಯೂ ಮೊದಲು ಬಂದ. ನಿಯಮ ಮುರಿದ ಅಂತ ಬಹುಮಾನದ ಮಿಕ್ಸರ್ ಕೊಡಲಿಲ್ಲ. ಎರಡು ಸಲ ಹೋದರೆ ಅವನಿಗೇ ನಷ್ಟ ಅಲ್ವಾ? (ಮಾನ್ವಿ)

ಅಕ್ಕಾ, ನೋಡೋಕೆ ನಷ್ಟವೇ. ಆದರೆ ಮುಂದೆ ನಿಧಾನದ ಕಾರು ಅಡ್ಡ ಇದ್ದಾಗ ಎರಡನೇ ಸಲ ಪಕ್ಕದ ದಾರಿಗೆ ಇಳಿದು ಖಾಲಿ ಜಾಗ ಹುಡುಕಿಕೊಂಡರೆ ಅದು ಲಾಭ. ಬೇರೆಯವರಿಗೆ ಒಂದೇ ಸಲ, ಅವನಿಗೆ ಎರಡು ಸಲ ಬಾಗಿಲು ತೆಗೆದ ಹಾಗಾಯಿತಲ್ಲ. ಒಂದು ಸಲ ಅಂದ್ರೆ ಒಂದೇ ಸಲ.

ಆದರೆ ನನಗೆ ಇನ್ನೊಂದು ಅನುಮಾನ ಇದೆ. ಎಣಿಸಿದವರು ಯಾರು, ಹೇಗೆ? ನಮ್ಮ ರೇಸಿನಲ್ಲಿ ಮೊದಲ ವರ್ಷ ಒಬ್ಬ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು ಕೂರಿಸಿದ್ದೆವು. ಅವನು ತಲೆ ಬಗ್ಗಿಸಿ ಬರೆಯೋ ಹೊತ್ತಿಗೆ ಇನ್ನೊಂದು ಕಾರು ಹೋಗಿರುತ್ತಿತ್ತು. ಸಂಜೆಗೆ ಜಗಳ, ಒಬ್ಬ ಹೋದೆ ಅಂತಾನೆ, ಪುಸ್ತಕದಲ್ಲಿ ಇಲ್ಲ. ಮರುವರ್ಷ ಒಬ್ಬ ರಿಟೈರ್ಡ್ ಮೇಷ್ಟ್ರು ಕೂತರು. ಎದುರಿಗೆ ಸಾಲಾಗಿ ತೆಂಗಿನ ಕರಟ, ಒಂದೊಂದರ ಮೇಲೆ ಸುಣ್ಣದಲ್ಲಿ ಕಾರಿನ ನಂಬರು. ಉಡಿಯಲ್ಲಿ ಹುಣಸೆ ಬೀಜ. ಕಾರು ಜೋಕರ್‌ನಿಂದ ಹೊರಗೆ ಬಂದ ತಕ್ಷಣ ಆ ನಂಬರಿನ ಕರಟಕ್ಕೆ ಒಂದು ಬೀಜ. ಕಣ್ಣು ದಾರಿ ಬಿಟ್ಟು ಅಲ್ಲಾಡಲ್ಲ, ಕೈ ತಾನೇ ಹೋಗುತ್ತೆ. ಚೌಕಾಬಾರ ಆಡಿದ ಕೈ ಅದು. ರೇಸ್ ಮುಗಿದ ಮೇಲೆ ಎಲ್ಲರ ಎದುರಿಗೇ ಕರಟ ಬೋರಲು ಹಾಕೋದು. ಒಂದೇ ಬೀಜ ಬಿದ್ದರೆ ಸರಿ. ಖಾಲಿ ಇದ್ದರೂ ಔಟ್, ಎರಡು ಬಿದ್ದರೂ ಔಟ್. ದೊಡ್ಡ ರೇಸುಗಳಲ್ಲೂ ಇದಕ್ಕೆ ಅಂತಲೇ ಬೇರೆ ಜಡ್ಜ್ ಕೂರಿಸ್ತಾರೆ. ನಮ್ಮ ಮೇಷ್ಟ್ರಿಗೆ ಕೊಟ್ಟ ಸಂಬಳ ಎರಡು ಎಳನೀರು.

ನಿಮ್ಮ ಮೈದುನನ ವಿಷಯ. ‘ಒಂದೇ ಸಲ’ ಅಂತ ರೇಸಿಗೆ ಮುಂಚೆ ಮೈಕಿನಲ್ಲಿ ಓದಿ ಹೇಳಿದ್ದರಾ, ಇಲ್ಲ ಗೆದ್ದ ಮೇಲೆ ನೆನಪಾಯಿತಾ? ಹೇಳಿದ್ದರೆ ಸುಮ್ನಿರಿ. ಹೇಳಿರದಿದ್ದರೆ ಈ ಪುಟ ಹರಿದು ಕಮಿಟಿಯವರಿಗೆ ಕಳಿಸಿ, ಮಿಕ್ಸರ್ ಇಸ್ಕೊಳ್ಳಿ. ಜಾರಿನ ವಾಷರ್ ಸರಿ ಇದೆಯಾ ಅಂತ ಮಾತ್ರ ಅಲ್ಲೇ ನೋಡಿ ತಗೊಳ್ಳಿ.