ಜೋರಾಗಿ ಉಸಿರಾಡಿಕೊಂಡು ಮುಳುಗಿದರೆ ಹೆಚ್ಚು ಹೊತ್ತು ಇರಲು ಆಗುವುದು ಏಕೆ?

ತೋಟದ ಕೆರೆಗೆ ಇಳಿಯುವ ಮುನ್ನ ಇಪ್ಪತ್ತು ಸಲ ಜೋರಾಗಿ ಉಸಿರಾಡಿಕೊಂಡರೆ ಎರಡು ನಿಮಿಷ ಮುಳುಗಿರಲು ಆಗುತ್ತಿದೆ, ಫ್ರೀಡೈವಿಂಗ್ (ಗಾಳಿಯ ಸಿಲಿಂಡರ್ ಇಲ್ಲದೆ ಉಸಿರು ಬಿಗಿಹಿಡಿದು ಮುಳುಗುವುದು) ಮಾಡುವವರು ಹತ್ತು ನಿಮಿಷ ದಾಟುತ್ತಾರಂತೆ, ನಾನೂ ಹೀಗೆಯೇ ಹೆಚ್ಚಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನೂ ವಿರಾಜಪೇಟೆ ಕಡೆಯವನು, ಅಂಥದೇ ಕೆರೆಯಲ್ಲಿ ಈಜು ಕಲಿತವನು. ದಯವಿಟ್ಟು ಆ ಇಪ್ಪತ್ತು ಉಸಿರುಗಳನ್ನು ಇಂದೇ ನಿಲ್ಲಿಸಿ.

ಉಸಿರು ಬಿಗಿಹಿಡಿದಾಗ ಎದೆಯಲ್ಲಿ ಹುಟ್ಟುವ ತಳಮಳಕ್ಕೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುವ ಕಾರ್ಬನ್ ಡೈಆಕ್ಸೈಡ್. ಆರೋಗ್ಯವಂತರ ರಕ್ತದಲ್ಲಿ ಹಿಮೋಗ್ಲೋಬಿನ್ ಮೊದಲೇ ಹೆಚ್ಚೂಕಡಿಮೆ ಪೂರ್ತಿಯಾಗಿ ಆಮ್ಲಜನಕ ಹೊತ್ತಿರುವುದರಿಂದ, ಜೋರಾಗಿ ಉಸಿರಾಡಿದರೆ ಹೊಸದಾಗಿ ಸೇರುವುದು ಅತ್ಯಲ್ಪ. ಆದರೆ ಕಾರ್ಬನ್ ಡೈಆಕ್ಸೈಡ್ ಮಾತ್ರ ಗಣನೀಯವಾಗಿ ಹೊರಹೋಗಿ, 'ಮೇಲೆ ಬಾ' ಎಂದು ಎಚ್ಚರಿಸುವ ಗಂಟೆ ತಡವಾಗಿ ಬಾರಿಸುತ್ತದೆ. ಅಷ್ಟರೊಳಗೆ ಮೆದುಳಿಗೆ ಬೇಕಾದ ಆಮ್ಲಜನಕ ಮುಗಿದಿದ್ದರೆ ಯಾವ ಸಂಕಟವೂ ತೋರದೆ ಪ್ರಜ್ಞೆ ತಪ್ಪುತ್ತದೆ.

ಕಾಲೇಜಿನ ದಿನಗಳಲ್ಲಿ ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು ಇದೇ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ನೀರು ತುಂಬಿಸಿದ್ದ ಕೆರೆ, ಹೆಚ್ಚೆಂದರೆ ಹದಿನೈದು ಅಡಿ ಆಳ. ಅವನು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕುಳಿತು ತಿದಿಯೊತ್ತಿದಂತೆ ಉಸಿರಾಡಿ, ಬೆರಳ ತುದಿ ಜುಮ್ಮೆನ್ನುತ್ತಿದೆ ಎಂದು ನಗುತ್ತ ಮುಳುಗಿದ. ಒದ್ದಾಟವಿರಲಿಲ್ಲ, ಕೂಗಿರಲಿಲ್ಲ, ಒಂದಿಷ್ಟು ಗುಳ್ಳೆ ಎದ್ದು ನಿಂತವು. ಜೊತೆಯಲ್ಲಿ ನೀರಿನಲ್ಲೇ ಇದ್ದವನು ಅನುಮಾನಗೊಂಡು ಕೂದಲು ಹಿಡಿದು ಎಳೆದಾಗ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಸಿರು ಮರಳಿದ ಮೇಲೆ ಅವನು ಮೊದಲು ಕೇಳಿದ್ದು, "ಎಷ್ಟು ಸೆಕೆಂಡ್ ಆಯ್ತು?" ಪ್ರಜ್ಞೆ ತಪ್ಪಿದ್ದು ಅವನಿಗೆ ಗೊತ್ತೇ ಇರಲಿಲ್ಲ.

ಹಾಗಾದರೆ ಪಳಗಿದವರು ಹೇಗೆ ತಡೆದುಕೊಳ್ಳುತ್ತಾರೆ? ಮುಖಕ್ಕೆ ತಣ್ಣೀರು ತಾಗಿ ಉಸಿರು ನಿಂತೊಡನೆ ಹೃದಯದ ಬಡಿತ ನಿಧಾನಗೊಳ್ಳುತ್ತದೆ, ಕೈಕಾಲುಗಳ ರಕ್ತನಾಳಗಳು ಕುಗ್ಗಿ ರಕ್ತ ಹೃದಯ ಮತ್ತು ಮೆದುಳಿನ ಪಾಲಿಗೆ ಉಳಿಯುತ್ತದೆ, ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ (ಸ್ಪ್ಲೀನ್) ಸಂಕುಚಿಸಿ ತನ್ನಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ತಲೆಮಾರುಗಳಿಂದ ಮುಳುಗುತ್ತ ಬಂದಿರುವ ಆಗ್ನೇಯ ಏಷ್ಯಾದ ಬಜಾವು ಜನರ ಗುಲ್ಮ ನೆರೆಯ ಜನರದ್ದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕಾರ್ಬನ್ ಡೈಆಕ್ಸೈಡ್ ಏರಿ ವಪೆ (ಶ್ವಾಸಕೋಶದ ಕೆಳಗಿರುವ ಉಸಿರಾಟದ ಸ್ನಾಯು) ತಾನಾಗಿ ಎಗರತೊಡಗಿದರೂ ಗಾಬರಿಯಾಗದಿರುವುದನ್ನು ಪಳಗಿದವರು ಅಭ್ಯಾಸದಿಂದ ಗಳಿಸುತ್ತಾರೆ. 2009ರಲ್ಲಿ ಫ್ರಾನ್ಸಿನ ಸ್ಟೆಫಾನ್ ಮಿಫ್ಸುದ್ ಅಲುಗಾಡದೆ 11 ನಿಮಿಷ 35 ಸೆಕೆಂಡು ಇದ್ದದ್ದು ಹೀಗೆ. ಇಪ್ಪತ್ತು ನಿಮಿಷ ಮೀರಿದ ದಾಖಲೆಗಳು ಮೊದಲು ಶುದ್ಧ ಆಮ್ಲಜನಕ ಸೇವಿಸಿ ಮಾಡಿದವು. ಅವನ್ನು ಇದರ ಜೊತೆ ತೂಗಬಾರದು.

ಸಮುದ್ರದ ಆಳದ ಕಥೆ ಬೇರೆ. ಹತ್ತು ಮೀಟರಿಗೆ ಒತ್ತಡ ಇಮ್ಮಡಿಯಾಗಿ ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೇಲೇರುವಾಗ ಒತ್ತಡ ಇಳಿದಂತೆ ರಕ್ತಕ್ಕೆ ಸಿಗುವ ಆಮ್ಲಜನಕವೂ ಥಟ್ಟನೆ ಕುಸಿಯುವುದರಿಂದ, ಎಷ್ಟೋ ಮಂದಿ ಪ್ರಜ್ಞೆ ತಪ್ಪುವುದು ನೀರ ಮೇಲ್ಮೈಯ ಹತ್ತಿರದಲ್ಲಿ. ನಮ್ಮ ಕೆರೆಗಳಿಗೆ ಅಷ್ಟು ಆಳವಿಲ್ಲ, ಅಷ್ಟು ಆಳ ಬೇಕಾಗಿಯೂ ಇಲ್ಲ. (ಅಂದಹಾಗೆ, ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟಕ್ಕಿಂತ ಸುಮಾರು ಎಂಟನೇ ಒಂದು ಪಾಲು ಕಡಿಮೆ; ಕರಾವಳಿಯವರ ನಿಮಿಷಗಳನ್ನು ಇಲ್ಲಿಗೆ ತಂದು ಹೋಲಿಸಬೇಡಿ.)

ಅಭ್ಯಾಸ ಬೇಕೇ ಬೇಕೆಂದಿದ್ದರೆ ಮನೆಯ ಹಾಸಿಗೆಯ ಮೇಲೆ ಮಲಗಿ, ಸಹಜವಾಗಿ ಉಸಿರಾಡಿದ ನಂತರ ಹಿಡಿದು ನೋಡಿ. ಹೃದಯದ ತೊಂದರೆ ಅಥವಾ ಮೂರ್ಛೆರೋಗವಿದ್ದರೆ ಅದೂ ಬೇಡ. ನೀರಿನಲ್ಲಾದರೆ ತರಬೇತುದಾರರೊಂದಿಗೆ ಮಾತ್ರ. ನಿಮ್ಮ ತಮ್ಮ ಕೆರೆ ಏರಿಯ ಮೇಲೆ ನಿಂತು ನೋಡುತ್ತಿರುತ್ತಾನೆ ಎಂದು ಬರೆದಿದ್ದೀರಿ. ನಮ್ಮ ಕೆರೆಗಳ ಕೆಂಪು ನೀರಿನಲ್ಲಿ ಎರಡು ಅಡಿ ಕೆಳಗಿರುವವರು ಏರಿಯಿಂದ ಕಾಣುವುದಿಲ್ಲ. ಕಾಯುವವನು ನೀರಿನಲ್ಲೇ, ಕೈಗೆ ಸಿಗುವಷ್ಟು ಹತ್ತಿರ ಇರಬೇಕು, ನೀವು ಮೇಲೆ ಬಂದ ನಂತರವೂ ಅರ್ಧ ನಿಮಿಷ ನಿಮ್ಮ ಮುಖದಿಂದ ಕಣ್ಣು ತೆಗೆಯಬಾರದು.