ಗೇರುತೋಟಗಳಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದ ಪರಿಣಾಮದ ಬಗ್ಗೆ ಪಡ್ರೆಯಲ್ಲಿ ನಡೆದ ಅಧ್ಯಯನವನ್ನು ಪ್ರಕಟಣೆಗೆ ಮುನ್ನ ತಜ್ಞರು ಪರಿಶೀಲಿಸಿದ್ದರಂತೆ. ಹಾಗಾದರೆ ಅದು ಅಂತಿಮ ಸತ್ಯವೇ?

ಅಂತಿಮವಲ್ಲ, ಆದರೆ ಹಗುರವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯ ಹುಡುಗರ ಕುರಿತ ಈ ಅಧ್ಯಯನ 2003ರಲ್ಲಿ ಅಮೆರಿಕದ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಇಂಥ ಪತ್ರಿಕೆಗಳಲ್ಲಿ ಸಂಪಾದಕರು ಲೇಖನವನ್ನು ಮೊದಲು ತಾವೇ ಓದಿ, ಯೋಗ್ಯವೆನಿಸಿದರೆ ಮಾತ್ರ ಅದೇ ಕ್ಷೇತ್ರದ ಇಬ್ಬರು ಮೂವರು ತಜ್ಞರಿಗೆ ಕಳುಹಿಸುತ್ತಾರೆ. ಅವರ ಹೆಸರು ಸಾಮಾನ್ಯವಾಗಿ ಲೇಖಕರಿಗೆ ತಿಳಿಯುವುದಿಲ್ಲ. ಹೋಲಿಕೆಗೆ ಆರಿಸಿದ, ಸಿಂಪಡಣೆಯಿಲ್ಲದ ಊರು ತಕ್ಕುದೇ, ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ, ರಕ್ತದಲ್ಲಿನ ವಿಷಾಂಶವನ್ನು ಅಳೆದ ಬಗೆ ನಂಬಲರ್ಹವೇ, ನಿರ್ಣಯವು ಅಂಕಿಅಂಶಗಳು ಹೇಳುವುದಕ್ಕಿಂತ ಮುಂದೆ ಹೋಗಿದೆಯೇ ಎಂಬುದನ್ನು ಅವರು ನೋಡುತ್ತಾರೆ. ಅವರೇನೂ ಗೇರುತೋಟದ ಊರಿಗೆ ಬಂದು ಮತ್ತೊಮ್ಮೆ ರಕ್ತ ಪರೀಕ್ಷಿಸುವುದಿಲ್ಲ. ಕೊಟ್ಟ ದತ್ತಾಂಶ ಪ್ರಾಮಾಣಿಕವೆಂದು ನಂಬಿಯೇ ಓದುತ್ತಾರೆ.

ಪಡ್ರೆಯ 117 ಮತ್ತು ಹೋಲಿಕೆಯ ಊರಿನ 90 ಹುಡುಗರನ್ನು ಪರೀಕ್ಷಿಸಿದ ಲೇಖಕರು, ಎಂಡೋಸಲ್ಫಾನ್ ಸಂಪರ್ಕದಿಂದ ಲೈಂಗಿಕ ಬೆಳವಣಿಗೆ ತಡವಾಗುವ, ಹಾರ್ಮೋನುಗಳ ಉತ್ಪತ್ತಿಗೆ ಅಡ್ಡಿಯಾಗುವ ಸಾಧ್ಯತೆಯನ್ನಷ್ಟೇ ಹೇಳಿ, ಮಾದರಿ ಚಿಕ್ಕದೆಂದೂ ಕೆಲವರು ಪಾಲ್ಗೊಳ್ಳಲಿಲ್ಲವೆಂದೂ ಲೇಖನದಲ್ಲೇ ದಾಖಲಿಸಿದ್ದಾರೆ. ಈ ಸಂಯಮವೇ ನನಗೆ ಅದರ ಬಲವಾಗಿ ಕಾಣುತ್ತದೆ.

ಪ್ರಕಟಣೆಯೊಂದಿಗೆ ಪರಿಶೀಲನೆ ಮುಗಿಯಲೂ ಇಲ್ಲ. ಅಧ್ಯಯನವನ್ನು ಆಕ್ಷೇಪಿಸಿ ಬಂದ ಪತ್ರಗಳನ್ನು 2004ರಲ್ಲಿ ಲೇಖಕರ ಉತ್ತರದೊಂದಿಗೆ ಅದೇ ಪತ್ರಿಕೆ ಅಚ್ಚು ಹಾಕಿತು. ಅಂಥ ವಾದಗಳನ್ನು ಓದುವಾಗ, ಬರೆದವರಿಗೆ ಕೀಟನಾಶಕ ಉದ್ಯಮದೊಂದಿಗೆ ಹಣಕಾಸಿನ ನಂಟಿದೆಯೇ ಎಂಬ ಹೇಳಿಕೆಯನ್ನೂ ಹುಡುಕಿ ನೋಡಬೇಕು.