ಬೆನ್ನುಹುರಿಗೆ ಪೆಟ್ಟಾಗಿದ್ದರೆ ಫಿಸಿಯೋಥೆರಪಿ ಯಾವಾಗ ಶುರು ಮಾಡಬೇಕು?
ಡೈವಿಂಗ್ ಮುಗಿಸಿ ಮೇಲೆ ಬಂದ ಬಳಿಕ ಕಾಲುಗಳು ಜೋಮುಗಟ್ಟಿ ಮೂತ್ರ ಕಟ್ಟಿಕೊಂಡಿತೆಂದು ಬರೆದಿದ್ದೀರಿ; ನೈಟ್ರೋಜನ್ ಗುಳ್ಳೆಗಳು ಬೆನ್ನುಹುರಿಗೆ ಹಾನಿ ಮಾಡುವ ಡಿಕಂಪ್ರೆಷನ್ ಕಾಯಿಲೆಯೇ ಇದಕ್ಕೆ ಕಾರಣವಿರಬೇಕು. ಒತ್ತಡದ ಕೋಣೆಯಲ್ಲಿ ಕೊಡುವ ಆಕ್ಸಿಜನ್ ಚಿಕಿತ್ಸೆ ಮುಗಿಯುವವರೆಗೆ ಫಿಸಿಯೋಥೆರಪಿಗೆ ಕಾಯಬೇಡಿ, ವೈದ್ಯರು ಒಪ್ಪಿದ ದಿನವೇ ಆರಂಭಿಸಿ.

ಮೊದಲು, ಒತ್ತಡದ ಕೋಣೆಯ ಪ್ರತಿ ಸರದಿಯ ಮೊದಲೂ ಬಳಿಕವೂ ಕಾಲಿನ ಬಲ ಮತ್ತು ಸ್ಪರ್ಶವನ್ನು ದಾಖಲಿಸುವಂತೆ ಕೇಳಿ. ಸುಧಾರಣೆ ಕಾಣುತ್ತಿರುವವರೆಗೂ ಆಕ್ಸಿಜನ್ ಚಿಕಿತ್ಸೆಯನ್ನು ಮುಂದುವರಿಸಿ, ಸತತ ಎರಡು ಸರದಿಗಳಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸುವ ಬಗ್ಗೆ ವೈದ್ಯರೊಂದಿಗೆ ಚರ್ಚಿಸಿ. ಜೊತೆಜೊತೆಗೆ ಪಾದ ಬಿಗಿಯದಂತೆ ಹಿಗ್ಗಿಸುವುದು, ಆಸರೆಯಿಲ್ಲದೆ ಕೂರುವುದು, ಆಮೇಲೆ ಸಮಾನಾಂತರ ಕಂಬಿಗಳ ನಡುವೆ ನಿಲ್ಲುವುದು. ಪಾದ ಎಲ್ಲಿದೆಯೆಂಬ ಅರಿವೇ ಮಂಕಾಗಿರುವುದರಿಂದ, ಎದುರಿಗೆ ಕನ್ನಡಿ ಇಟ್ಟುಕೊಳ್ಳಿ; ನನ್ನ ತಮ್ಮನಿಗೆ ಅದು ಬಹಳ ನೆರವಾಯಿತು. ಸ್ಪರ್ಶ ತಿಳಿಯದ ಹಿಮ್ಮಡಿಯಲ್ಲಿ ಹುಣ್ಣಾಗಿದೆಯೇ ಎಂದು ದಿನವೂ ಪರೀಕ್ಷಿಸಿ. ಮೂತ್ರ ಮಾಡಿದ ಮೇಲೆ ಒಳಗೆಷ್ಟು ಉಳಿಯುತ್ತದೆಂದು ಸ್ಕ್ಯಾನ್ ಮಾಡಿಸಿ.

ಎಷ್ಟರಮಟ್ಟಿಗೆ ಚೇತರಿಸುತ್ತದೆಂದು ಮೊದಲ ವಾರಗಳಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಬಲ ಇದ್ದಕ್ಕಿದ್ದಂತೆ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.